ಮೇಷ್ಟ್ರು ಹೇಳಿರಲಿಲ್ಲ

ಆಕೆಗೆ ಓದುಬರಹ ಬರುವುದಿಲ್ಲವೆಂದು ಪತ್ರಿಕೆಯಲ್ಲಿ ಬರೆದವನು ನಾನು. ಅದನ್ನು ಯಾರೂ ನನಗೆ ಹೇಳಿರಲಿಲ್ಲ, ನಾನೇ ಕಣ್ಣಾರೆ ಕಂಡಿದ್ದೆ. ಆದರೆ ಹಾರ್ಮೋನಿಯಂ ಮೇಷ್ಟ್ರು ಹೇಳಿದರೆಂದು ಆಕೆ ನಂಬಿದರು — ಹಾಗೆ ನಂಬಲು ನಾನು ಬಿಟ್ಟೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಆಗ ಚನ್ನಪಟ್ಟಣದಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಹಾರೋಹಳ್ಳಿಯ ಸುತ್ತ ಹೊಲಗಳು ಕಾರ್ಖಾನೆಗಳಾಗುತ್ತಿದ್ದವು. ಅಲ್ಲಿ ಕೆಲಸ ಸಿಕ್ಕ ಹುಡುಗರೆಲ್ಲ ಸೇರಿ ಮರಳವಾಡಿಯ ಹತ್ತಿರದ ಊರೊಂದರಲ್ಲಿ ಪೌರಾಣಿಕ ನಾಟಕ ಆಡಿದರು. ನಮ್ಮ ಕಡೆಯ ಪೌರಾಣಿಕ ನಾಟಕದಲ್ಲಿ ಮಾತಿಗಿಂತ ಹಾಡೇ ಹೆಚ್ಚು. ರಾಜ, ಮಂತ್ರಿ ಎಲ್ಲ ಊರವರೇ ಆಗುತ್ತಾರೆ. ರಾಣಿಯ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ. ಅಂದು ಬಂದಿದ್ದವರು ಆಕೆ. ಹೆಸರನ್ನು ಆಗ ಬರೆದಿದ್ದೆ, ಈಗ ಬರೆಯುವುದಿಲ್ಲ.

ಬೆಳಕು ಹರಿಯುವಾಗ ಮಂಗಳ ಹಾಡಿ ಪರದೆ ಇಳಿಸಿದರು. ಗಾರ್ಮೆಂಟ್ಸಿಗೆ ಹೊರಟ ಹೆಣ್ಣುಮಕ್ಕಳು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ, ಕಂಪನಿಯ ವ್ಯಾನ್ ಬರುವುದರೊಳಗೆ ಆಟೋಗ್ರಾಫ್ ಬೇಕೆಂದು ರಂಗದ ಹಿಂದೆ ನುಗ್ಗಿದರು.

“ಅಕ್ಕೋ, ರಾತ್ರೆಲ್ಲ ಅಳ್ಸ್‌ಬುಟ್ರಲ್ಲ! ಇವತ್ತು ಮಿಶನ್ ಮುಂದೆ ತೂಕಡಿಸುದ್ರೆ ಸೂಪರ್‌ವೈಸರ್ ತಾವ ನೀವೇ ಬಂದು ಯೋಳ್ಬೇಕು.”

“ಅವುನ್ನೂ ಒಂದ್ಸಲ ನಾಟ್ಕುಕ್ಕೆ ಕರ್ಕಂಬಾ ಕಣವ್ವ, ಅವುನ್ನೂ ಅಳುಸ್ತೀನಿ.”

ನಗುತ್ತಲೇ ಆಕೆ ಸಹಿ ಹಾಕುತ್ತಿದ್ದರು. ಬರೆಯುವಂತಿರಲಿಲ್ಲ ಅದು, ರಂಗೋಲಿಯ ಎಳೆ ತಿದ್ದುವ ಹಾಗೆ ನಿಧಾನ. ಒಬ್ಬ ಹುಡುಗಿ ಪುಸ್ತಕವನ್ನು ತಲೆಕೆಳಗಾಗಿ ಕೊಟ್ಟಳು. ಎದುರು ಪುಟದ ತುಂಬ ತಲೆಕೆಳಗಾದ ಬರಹವಿತ್ತು. ಆದರೂ ಆಕೆ ತಿರುಗಿಸದೆ ಹಾಗೆಯೇ ಸಹಿ ಹಾಕಿದರು. ಹುಡುಗಿ ನಕ್ಕು, “ಒಸಿ ನನ್ ಹೆಸ್ರೂ ಬರೀರಿ ಅಕ್ಕ,” ಎಂದಳು. ಪೆನ್ನು ನಿಂತಿತು.

ನಾಟಕಕ್ಕೆ ಹಾಡು ಕಲಿಸುವ ಮೇಷ್ಟ್ರು ಹಾರ್ಮೋನಿಯಂ ಕಟ್ಟಿಡುತ್ತಿದ್ದವರು ಕೈ ಚಾಚಿದರು. “ತತ್ತಾ ಇಲ್ಲಿ ಮಗ, ನಾನ್ ಬರ್ಕೊಡ್ತೀನಿ. ಅವ್ಳ ಕೈಯೆಲ್ಲ ಬಣ್ಣ.”

ಆಕೆಯ ಕೈಯಲ್ಲಿ ಬಣ್ಣವಿರಲಿಲ್ಲ.

ಅಷ್ಟು ಸಾಕಾಯಿತು ನನಗೆ. ಪಾತ್ರದ ಹಾಡುಗಳನ್ನೆಲ್ಲ ಮೇಷ್ಟ್ರು ಓದಿ ಹೇಳುತ್ತಾರೆ, ಆಕೆ ಕೇಳಿಯೇ ಕಲಿಯುತ್ತಾರೆ ಎಂಬುದನ್ನು ನಾನೇ ಊಹಿಸಿಕೊಂಡೆ. ಊಹೆ ನಿಜವೇ ಆಗಿತ್ತು. ಅಕ್ಷರ ಬಾರದಿದ್ದರೂ ರಾತ್ರಿಯಿಡೀ ಹಾಡುವ ಕಲಾವಿದೆ ಎಂದು ಹೊಗಳಿ, ಫೋಟೊ ಸಮೇತ ಬರೆದೆ. ಒಂದು ಪದವೂ ಸುಳ್ಳಿರಲಿಲ್ಲ. ಆಕೆಯನ್ನು ಮೊದಲು ಒಂದು ಮಾತು ಕೇಳಬೇಕೆಂದು — ಹೊಳೆಯಲಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ಕೇಳಿದರೆ ಬೇಡವೆನ್ನುತ್ತಾರೆಂದು ಗೊತ್ತಿತ್ತು.

ವರದಿ ಬಂದ ಮೇಲೆ ಆಕೆಯ ಮುಂದಿನ ನಾಟಕ ಕನಕಪುರದ ಕಡೆ. ಅಲ್ಲಿಗೂ ಹೋಗಿದ್ದೆ. ನಾಟಕ ಮುಗಿದ ಮೇಲೆ ಆಟೋಗ್ರಾಫ್‌ಗೆ ಮುತ್ತಿದ್ದವರ ನಡುವಿನಿಂದ ಒಬ್ಬ ಯುವಕ ಶಾಯಿಯ ಸ್ಟ್ಯಾಂಪ್ ಪ್ಯಾಡ್ ಮುಂದೆ ಹಿಡಿದ.

“ಅಮ್ಮೋ, ಯಾಕ್ ಕಷ್ಟ ಪಡ್ತೀಯ, ಹೆಬ್ಬೆಟ್ ಒತ್ಬುಡು.”

“ಲೇ, ಎಡಗೈದು ಕಣ್ಲಾ!” ಎಂದು ಹಿಂದಿನಿಂದ ಇನ್ನೊಬ್ಬ. ನಗೆ ಎದ್ದಿತು. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ನಾನು ಕ್ಯಾಮೆರಾ ಹಿಡಿದು ಅಲ್ಲಿಯೇ ನಿಂತಿದ್ದೆ. ಬೈಯಬಹುದಿತ್ತು, ಆ ಪ್ಯಾಡನ್ನು ಕಿತ್ತು ಎಸೆಯಬಹುದಿತ್ತು — ಎರಡನ್ನೂ ಮಾಡಲಿಲ್ಲ.

ಜನ ಚದುರಿದ ಮೇಲೆ ಆಕೆಯೇ ನನ್ನ ಬಳಿ ಬಂದರು. ಮುಖದ ಬಣ್ಣ ಇನ್ನೂ ಅಳಿಸಿರಲಿಲ್ಲ.

“ನೀವ್ ಬರ್ದಿದ್ದು ಬರುದ್ರಿ, ಅದ್ ನಿಮ್ ಕೆಲ್ಸ. ನಿಮ್ಗೆ ಯೋಳ್ದೋರ್ ಯಾರು, ಅಷ್ಟ್ ಯೋಳಿ ಸಾ. ನಂಗೆ ಓದಕ್ ಬರಾಕಿಲ್ಲ ಅಂತ ಗೊತ್ತಿದ್ದುದ್ದು ಒಬ್ರಿಗೇಯ. ನಮ್ ಮೇಷ್ಟ್ರೇ ಅಲ್ವಾ?”

ಸುದ್ದಿ ಕೊಟ್ಟವರ ಹೆಸರು ಹೇಳಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಆ ಪಾಠದ ಹಿಂದೆ ನಾನು ಅಡಗಿಕೊಂಡೆ. “ಯಾರು ಹೇಳಿದ್ರು ಅನ್ನೋದನ್ನ ನಾವು ಹೇಳೋ ಹಾಗಿಲ್ಲಮ್ಮ,” ಎಂದೆ.

“ಆಯ್ತು ಬುಡಿ. ತಿಳೀತು.”

ತಿಳಿದದ್ದು ಏನೆಂದು ನನಗೂ ತಿಳಿದಿತ್ತು. ಯಾರೂ ಹೇಳಲಿಲ್ಲ, ನಾನೇ ನೋಡಿದೆ — ಇಷ್ಟೇ ಹೇಳಬೇಕಿತ್ತು. ಅಂದೇ ಓಡಿಹೋಗಿ ಹೇಳಬಹುದಿತ್ತು. ಮರುದಿನ, ಮರುವಾರ...

ಮೇಷ್ಟ್ರಿದ್ದ ನಾಟಕಗಳನ್ನು ಆಕೆ ಒಪ್ಪುವುದನ್ನು ಬಿಟ್ಟರು. ಹೊಸ ಹಾಡುಗಳನ್ನು ಮಗ್ಗುಲಲ್ಲಿ ಕೂತು ಓದಿ ಹೇಳುವವರು ಬೇರೆ ಯಾರೂ ಇರಲಿಲ್ಲ. ಇನ್ನೊಬ್ಬರ ಮುಂದೆ ಅದನ್ನು ಕೇಳಲು ಆಕೆ ಸಿದ್ಧರಿರಲಿಲ್ಲ. ರಾಣಿಯ ಪಾತ್ರಗಳು ಬೇರೆಯವರ ಪಾಲಾದವು; ಆಕೆಗೆ ಸಖಿಯ ಪಾತ್ರ, ಆಮೇಲೆ ಅದೂ ಇಲ್ಲ.

ಒಮ್ಮೆ ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರು ಸಿಕ್ಕರು. “ಏನ್ ತೆಪ್ ಮಾಡ್ದೆ ಅಂತ್ಲೇ ಗೊತ್ತಾಗ್ನಿಲ್ಲ ಕಣಪ್ಪ. ಮಗಳಂಗೆ ಇದ್ಲು, ಮಾತೇ ಬುಟ್ಬುಟ್ಟವ್ಳೆ. ನಿನ್‌ಗೇನಾರ ಯೋಳುದ್ಲಾ?” ಎಂದರು. ಬಸ್ಸು ಬಂತೆಂದು ಹೇಳಿ ಹತ್ತಿಬಿಟ್ಟೆ. ಅದು ನಾನು ಹೋಗಬೇಕಾಗಿದ್ದ ಊರಿನ ಬಸ್ಸಾಗಿರಲಿಲ್ಲ.

ಕೆಲವು ವರ್ಷಗಳಲ್ಲಿ ಮೇಷ್ಟ್ರು ತೀರಿಕೊಂಡರು. ಆ ಸುದ್ದಿಯನ್ನೂ ನಾನೇ ಬರೆದೆ.

ಕಳೆದ ವಾರ ಆಕೆಯ ಮನೆ ಹುಡುಕಿಕೊಂಡು ಹೋಗಿ, ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಆಕೆ ಅವರೆಕಾಯಿ ಸುಲಿಯುತ್ತ ಕೇಳಿದರು. ಕೈ ಯಾವಾಗ ನಿಂತಿತೋ ಗಮನಿಸಲಿಲ್ಲ.

“ಅಂಗಾರೆ ಮೇಷ್ಟ್ರು ಯೋಳ್ನಿಲ್ವಾ?”

“ಇಲ್ಲ.”

“ಒಂದ್ ಮಾತ್ನೂ?”

“ಇಲ್ಲಮ್ಮ.”

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಇದನ್ನು ಬರೆಯಲೇ ಎಂದು ಕೇಳಿದೆ — ಆಕೆಯನ್ನು ಕೇಳಿದ್ದು ಅದೇ ಮೊದಲು. “ಬರ್ಕಳಿ. ಅವ್ರ್‌ಗೆ ಅಂಟ್ಸಿದ್ ಕೆಟ್ಟೆಸ್ರು ಹೋಗ್ಲಿ,” ಎಂದರು. ಸುಲಿದ ಕಾಳನ್ನು ಒಟ್ಟುಮಾಡುತ್ತ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, “ಅವ್ರ ಮಣ್ಣಿಗೂ ಹೋಗ್ನಿಲ್ವಲ್ಲ ನಾನು,” ಎಂದರು.

ಆಮೇಲೆ ನನ್ನ ಕಡೆ ತಿರುಗಿದರು.

“ಎಲ್ಲಿ ಮಣ್ ಮಾಡವ್ರೆ?”

ದೊಡ್ಡಮಳೂರಿನ ಆಚೆ, ಅವರದೇ ಹೊಲದಲ್ಲಿ ಎಂದು ಗುರುತು ಹೇಳಿದೆ. ಆಕೆ ಎದ್ದು ಸೀರೆಯ ಮೇಲಿನ ಸಿಪ್ಪೆ ಕೊಡವಿ ಚಪ್ಪಲಿ ಮೆಟ್ಟಿದರು. ನಾನು ಕರೆದುಕೊಂಡು ಹೋಗುತ್ತೇನೆ ಎಂದೆ.

“ನೀವ್ ಬರ್‌ಬ್ಯಾಡಿ,” ಎಂದು ಬಸ್ಸಿನ ದಾರಿ ಹಿಡಿದರು.