ಚಿಲಕದಮ್ಮ ಕಾಲುವೆಗೆ ಇಳಿದದ್ದು

ಚಿಲಕದಮ್ಮ ನಡೆದುಬಂದರೆ ಬೀದಿಯ ಎರಡೂ ಬದಿಯ ಬಾಗಿಲುಗಳು ಹೆದರಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ ಎಂಬ ಪ್ರತೀತಿ ಇದೆ. ಕಣ್ಣಿಗೆ ಬಿದ್ದ ಚಿಲಕವನ್ನು ಹಾಕಿ, ಜಗ್ಗಿ ನೋಡದೆ ಆ ಕೈ ಸುಮ್ಮನಿರದು. ಒಮ್ಮೆ ತಂಗಿಯ ಮನೆಯಲ್ಲಿ ಬಚ್ಚಲಿನ ಚಿಲಕವನ್ನು ಹೊರಗಿನಿಂದ ಭದ್ರಪಡಿಸಿ ಊಟಕ್ಕೆ ಕೂತರು. ಒಳಗೆ ಮೈಗೆಲ್ಲ ಸೋಪು ಹಚ್ಚಿಕೊಂಡಿದ್ದ ತಂಗಿಯ ಗಂಡ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡರು.

"ನಿಮ್ಮ ಯಜಮಾನ್ರು ಹಾಡ್ತಿದಾರೆ ಅಂದ್ಕೊಂಡೆ ಕಣೇ!"

ಇದು ಕೆಲಸ ಅಂಟಿಸಿದ ಚಾಳಿ. ವಿಶೇಷ ಮಕ್ಕಳ ಶಾಲೆಯಲ್ಲಿ ಅವರು ಆಯಾ. ಅಲ್ಲಿನ ಕೆಲವು ಮಕ್ಕಳಿಗೆ ತೆರೆದ ಬಾಗಿಲೆಂದರೆ 'ಹೊರಡು' ಎಂಬ ಅಪ್ಪಣೆ. ಅವರಿಗೆಲ್ಲ ಮಹಾರಾಣಿ ಗುಬ್ಬಿ. ಎಂಟು ವರ್ಷದ ಹುಡುಗಿ, ಮಾತು ಬಾರದು. ಹೆಸರು ಹಿಡಿದು ಕೂಗಿದರೆ ಆಟವೆಂದು ತಿಳಿದು ಇನ್ನೂ ಜೋರಾಗಿ ಓಡುವಳು. ನೀರು ಕಂಡರಂತೂ ಲೋಕವೇ ಬೇಡ. ಶಾಲೆಯ ಹಿಂದೆಯೇ ಕಾಲುವೆ.

ಅಂದು ಶಾಲೆಯಲ್ಲಿ, ಬೆಂಕಿ ಬಿದ್ದರೆ ಹೊರಗೆ ಬರುವುದು ಹೇಗೆಂಬ ತಾಲೀಮು. ಗೇಟು ಪೂರ್ತಿ ತೆರೆಯಲೇಬೇಕು. ಉದ್ದನೆಯ ಹಗ್ಗಕ್ಕೆ ಬಟ್ಟೆಯ ಹಿಡಿಕೆಗಳು, ಹಿಡಿಕೆಗೊಂದು ಮಗು, ಮುಂದೆ ಟೀಚರ್. ಗೇಟಿನಲ್ಲಿ ಸೇನಾಪತಿಯ ಠೀವಿಯಿಂದ ನಿಂತಿದ್ದ ಚಿಲಕದಮ್ಮನಿಗೆ ಗೇಟಿನ ಚಿಲಕ ಸಡಿಲವಾದದ್ದು ಕಂಡಿತು. ಬಿಡುವುದುಂಟೇ? ಬಗ್ಗಿ ಬಿಗಿ ಮಾಡತೊಡಗಿದರು. ತಲೆಯೆತ್ತಿದಾಗ ಸಾಲು ಬಯಲು ಸೇರುತ್ತಿತ್ತು. ಕೊನೆಯ ಹಿಡಿಕೆ ಮಾತ್ರ ಖಾಲಿಯಾಗಿ ಮಣ್ಣಿನಲ್ಲಿ ತೆವಳುತ್ತಿತ್ತು.

ಅದು ಗುಬ್ಬಿಯದು.

"ಟೀಚರ್, ಗುಬ್ಬಿ ಎಲ್ಲಿ?"

"ನಿಮ್ಮ ಮುಂದೇನೇ ಬಂದ್ಳಲ್ಲ! ಗೇಟಲ್ಲಿ ಇದ್ದದ್ದು ನೀವೇ ತಾನೆ?"

ಚಿಲಕದಮ್ಮ ಕಾಲುವೆಯ ಕಡೆ ತಿರುಗಿದರು. ಕೂಗುವಂತಿಲ್ಲ. ಮೆಟ್ಟಿಲು ಹತ್ತುವಾಗ ಮೊಣಕಾಲಿಗೆ ಶಾಪ ಹಾಕುತ್ತಿದ್ದವರು ಕುದುರೆಯಂತೆ ಓಡಿದರು. ಕಾಲುವೆಯಲ್ಲಿ ಹಳದಿಯದೇನೋ ತೇಲುತ್ತಿತ್ತು. ಗುಬ್ಬಿಯ ಅಂಗಿ ಹಳದಿ. ಈಜು ಬಾರದ ಚಿಲಕದಮ್ಮ ಚಪ್ಪಲಿ ಸಮೇತ ಇಳಿದರು. ನೀರು ಸೊಂಟಕ್ಕೆ ಬಂತು. ಕಣ್ಣು ಮುಚ್ಚಿಕೊಂಡೇ ಬಾಚಿ ಹಿಡಿದರು, ಹೆದರಿ ಹೆದರಿ ಕಣ್ಣು ಬಿಟ್ಟರು.

ಪ್ಲಾಸ್ಟಿಕ್ ಚೀಲ.

ಹಿಂದಿನಿಂದ ಚಪ್ಪಾಳೆ ಕೇಳಿಸಿತು. ದಡದ ಕಟ್ಟೆಯ ತುದಿಯಲ್ಲಿ ಗುಬ್ಬಿ ನಿಂತಿದ್ದಳು, ಒಂದು ಕಾಲು ಗಾಳಿಯಲ್ಲಿ. ಕೆಳಗೆ ನೀರು ಕಪ್ಪಗೆ ಸುಳಿ ತಿರುಗುತ್ತಿತ್ತು. ಹತ್ತಿರ ಹೋದರೆ ಹಾರಿಯಾಳು, ಹೋಗದಿದ್ದರೂ ಹಾರಿಯಾಳು. ಚಿಲಕದಮ್ಮ ದಡದ ಮೆಟ್ಟಿಲಿನವರೆಗೆ ಕಾಲೆಳೆದುಕೊಂಡು ಬಂದರು. ಆಮೇಲೆ, ಕೂತರೆ ಎದೆಮಟ್ಟ ಬರುವ ನೀರಿನಲ್ಲಿ, ಧಪ್ಪನೆ ಕೂತೇಬಿಟ್ಟರು. ನೀರು ಚಿಮ್ಮಿ ಮುಖಕ್ಕೆಲ್ಲ ರಾಚಿತು.

ಗುಬ್ಬಿ ಕಿಲಕಿಲ ನಕ್ಕಳು. ಗಾಳಿಯಲ್ಲಿದ್ದ ಕಾಲು ಕಟ್ಟೆಗೆ ಮರಳಿತು. ಇಳಿದಳು, ಮೆಟ್ಟಿಲಿಗೆ ಬಂದಳು, ತನ್ನದೇ ಸಿಂಹಾಸನವೆಂಬಂತೆ ಅವರ ತೊಡೆಯೇರಿ ಅಂಗೈಯಿಂದ ನೀರು ಬಡಿಯತೊಡಗಿದಳು. ಚಿಲಕದಮ್ಮ ಅವಳನ್ನು ಅವುಚಿಕೊಂಡ ಬಿಗಿಗೆ ಪಾಪದ ಮಗು 'ಕುಂಯ್' ಎಂದಿತು.

ದಡಕ್ಕೆ ಓಡಿಬಂದಿದ್ದ ಹೆಡ್ ಮೇಡಂ ಇದನ್ನೆಲ್ಲ ಕಣ್ಣಾರೆ ಕಂಡಿದ್ದರು. ಮರುದಿನ ಸಿಬ್ಬಂದಿಯನ್ನೆಲ್ಲ ಸೇರಿಸಿ ಹೇಳಿದರು:

"ಅಟ್ಟಿಸಿಕೊಂಡು ಹೋಗ್ಲಿಲ್ಲ, ಕಿರುಚ್ಲಿಲ್ಲ. ನೀರಲ್ಲೇ ಕೂತು, ಮಗು ತಾನಾಗೇ ಬರೋ ಹಾಗೆ ಮಾಡಿದ್ರು! ಅಷ್ಟು ಧೈರ್ಯ ಎಲ್ಲಿಂದ ಬಂತಮ್ಮ ನಿಮಗೆ?"

"ಧೈರ್ಯ ಎಲ್ಲಿದು ಮೇಡಂ? ಕಾಲು ನಡುಗ್ತಿತ್ತು, ನಿಲ್ಲೋಕಾಗ್ಲಿಲ್ಲ. ಕೂತೆ."