ಕಾಲೆತ್ತದ ಕುದುರೆ

ಪಾಲಿಶ್ ಪೇಪರಿನ ಸರಸರ ಸದ್ದು ಕೇಳಿದರೆ ಇವತ್ತಿಗೂ ನನ್ನ ಹಲ್ಲು ಜುಮ್ಮೆನ್ನುತ್ತದೆ. ಮರ ಕೆತ್ತುವ ಗುಡಿಗಾರರ ಮನೆಯಲ್ಲಿ ಹುಟ್ಟಿ, ಸಾಗರದ ಪೇಟೆಯಲ್ಲಿ ಕೆತ್ತನೆ ಸಾಮಾನಿನ ಅಂಗಡಿ ಇಟ್ಟುಕೊಂಡವಳು ಹೀಗೆ ಹೇಳಿದರೆ ನೀವು ನಗುತ್ತೀರಿ. ನಗಿ. ಆದರೆ ಆ ಸದ್ದಿನ ಹಿಂದೆಯೇ ಮುನ್ನಿ ಬಂದು ನಿಲ್ಲುತ್ತಾಳೆ, ನಾನೇನು ಮಾಡಲಿ?

ಮುನ್ನಿ ಇಮಾಮ್ ಸಾಬರ ಜಟಕಾ ಎಳೆಯುತ್ತಿದ್ದ ಕುದುರೆ. ಸ್ಟೇಷನ್ನಿಗೆ ಬಂದಿಳಿದವರನ್ನು, ವರದಹಳ್ಳಿಗೆ ಹೊರಟವರನ್ನು ಹೊತ್ತು ನಮ್ಮ ಜಗಲಿಯ ಮುಂದೆಯೇ ಹಾದುಹೋಗುತ್ತಿದ್ದಳು. ಗಾಡಿ ನಿಂತಾಗಲೆಲ್ಲ ಸಾಬರು ಇಳಿದು ಬಂದು ಅವಳ ಕೊರಳಿನ ಒಂದೇ ಜಾಗದಲ್ಲಿ ಅಂಗೈ ಇಟ್ಟು ನಿಲ್ಲುತ್ತಿದ್ದರು. ಆಟೋಗಳು ಬಂದವು, ಮುನ್ನಿಗೂ ವಯಸ್ಸಾಗಿತ್ತು, ಒಂದು ದಿನ ಸತ್ತೇಹೋದಳು. ಮರುವಾರ ಸಾಬರು ನನ್ನ ಅಜ್ಜನ ಎದುರು ಬಂದು ಕೂತರು. ಅವಳನ್ನು ಕೆತ್ತಿಕೊಡಬೇಕಂತೆ. ಅಜ್ಜ ಕಪಾಟಿನ ಕುದುರೆಗಳನ್ನು ತೋರಿಸಿದರು. ಎಲ್ಲವೂ ಮುಂಗಾಲೆತ್ತಿ, ಎದೆಯುಬ್ಬಿಸಿ, ಮೈತುಂಬ ಒಡವೆ ಹೊತ್ತವು. ಕೆತ್ತನೆಯಲ್ಲಿ ಕುದುರೆಯೆಂದರೆ ಶೌರ್ಯ, ದರ್ಬಾರು. ಗಾಡಿ ಎಳೆದ ಕುದುರೆಯನ್ನು ಕೆತ್ತಿಸಿದವರು ಅದುವರೆಗೆ ಯಾರೂ ಇರಲಿಲ್ಲ.

"ಕಾಲು ಎತ್ತಿಸ್ಬೇಡಿ ಗುಡಿಗಾರ್ರೇ," ಎಂದರು ಸಾಬರು. "ನನ್ ಮುನ್ನಿ ಯುದ್ಧಕ್ಕೆ ಹೋದೋಳಲ್ಲ, ಸ್ಟೇಷನ್ನಿಗೆ ಹೋದೋಳು."

ಅಜ್ಜ ಶಿವನೆ ಮರದಲ್ಲಿ ತಲೆ ತಗ್ಗಿಸಿ ನಿಂತ ಮುನ್ನಿಯನ್ನು ಕೆತ್ತಿದರು. ಕೆತ್ತಿದ್ದನ್ನು ಪಾಲಿಶ್ ಪೇಪರಿನಿಂದ ಉಜ್ಜಿ ನುಣುಪು ಮಾಡುವುದು ನಮ್ಮ ಮನೆಯ ಹೆಣ್ಣುಮಕ್ಕಳ ಕೆಲಸ. ಹತ್ತು ವರ್ಷದ ನಾನು ಅದರಲ್ಲಿ ಭಾರೀ ಜಾಣೆ ಬೇರೆ. ಕೊರಳಿನ ಪಕ್ಕ ಒಂದು ಒರಟು ತಗ್ಗಿತ್ತು. ಅಜ್ಜನ ಉಳಿ ಜಾರಿರಬೇಕು ಪಾಪ ಎಂದುಕೊಂಡು ಮಧ್ಯಾಹ್ನವಿಡೀ ಕೂತು ಸುತ್ತಲೂ ಉಜ್ಜಿ ಸಮ ಮಾಡಿಬಿಟ್ಟೆ.

ಸಂಜೆ ಸಾಬರು ಬಂದು ಕುದುರೆಯನ್ನು ಎತ್ತಿಕೊಂಡರು. ಅವರ ಹೆಬ್ಬೆರಳು ನೆಟ್ಟಗೆ ಕೊರಳಿಗೆ ಹೋಯಿತು, ಆಚೀಚೆ ಹುಡುಕಿತು, ನಿಂತಿತು. ಅಜ್ಜ ನನ್ನ ಕಡೆ ತಿರುಗಿದರು. "ಎಂತ ಮಾಡಿದ್ಯೇ ಮಾರಾಯ್ತಿ! ಅದು ಗಾಡಿ ಪಟ್ಟಿ ತಿಕ್ಕಿ ತಿಕ್ಕಿ ಆದ ಗಾಯ ಕಣೇ. ಅದಿಲ್ದೆ ಮುನ್ನಿ ಎಲ್ಲಿ?" ಆ ಗಾಯವನ್ನು ನಾನು ನೋಡಿಯೇ ಇರಲಿಲ್ಲ. ನೋಡಿದಾಗಲೆಲ್ಲ ಸಾಬರ ಅಂಗೈ ಅದರ ಮೇಲಿರುತ್ತಿತ್ತು. ತಿದ್ದಿಕೊಡುತ್ತೇನೆಂದು ಅಜ್ಜ ಎಷ್ಟು ಹೇಳಿದರೂ ಸಾಬರು ಒಪ್ಪಲಿಲ್ಲ. ನನ್ನ ಅಳುಮೋರೆ ನೋಡಿ, "ಮಗೂಗೆ ಬೈಬೇಡಿ. ಬದುಕಿರೋತನ್ಕ ಆರದ ಗಾಯ, ಈಗ ಆರ್ತು," ಎಂದು ಟವೆಲಿನಲ್ಲಿ ಸುತ್ತಿಕೊಂಡು ಹೋದರು. ನಾನು ಆ ಮಾತನ್ನು ನಂಬಿಕೊಂಡು ಹಾಯಾಗಿದ್ದೆ. ಒಂದು ಸಲವೂ ಕ್ಷಮೆ ಕೇಳಲಿಲ್ಲ.

ಅಜ್ಜ ಹೋದರು, ಸಾಬರೂ ಹೋದರು, ಆ ಜಗಲಿಯೂ ಈಗಿಲ್ಲ. ಮೊನ್ನೆ ಸಾಬರ ಮೊಮ್ಮಗಳು ಅಂಗಡಿಗೆ ಆ ಕುದುರೆಯನ್ನು ತಂದಳು. "ಆಂಟಿ, ಇದಕ್ಕೆ ಹೊಸ ಪಾಲಿಶ್ ಮಾಡ್ಕೊಡ್ತೀರಾ? ದಾದಾ ದಿನಾ ಕೈಯಲ್ಲಿ ಹಿಡ್ಕೊಂಡು ಉಜ್ತಾ ಕೂತಿರ್ತಿದ್ರು. ಇಲ್ನೋಡಿ, ಹಾಳಾಗಿದೆ."

ಕೊರಳಿನ ಪಕ್ಕ, ನಾನು ಸಮ ಮಾಡಿದ್ದ ಜಾಗದಲ್ಲೇ, ಹೆಬ್ಬೆರಳು ಕೂರುವಷ್ಟು ತಗ್ಗು. ಅಯ್ಯೋ, ಆರಿತು ಎಂದಿದ್ದರಲ್ಲ ಸಾಬರು! ನಾನು ಒಂದು ಮಧ್ಯಾಹ್ನದಲ್ಲಿ ಅಳಿಸಿದ್ದನ್ನು ಅವರು ಉಳಿದ ಆಯುಷ್ಯವೆಲ್ಲ ಕೂತು ಮತ್ತೆ ಮಾಡಿಕೊಂಡಿದ್ದರು.

"ಇಲ್ಲಿಗೆ ಯಾರೂ ಪೇಪರ್ ಹಚ್ಬಾರ್ದು ಮಗಾ," ಎಂದೆ. ಸೆರಗಿನಿಂದ ಧೂಳು ಒರೆಸಿ, ಹಾಗೆಯೇ ಅವಳ ಕೈಗಿಟ್ಟೆ.