ಗರ್ಭವನ್ನು ಬೆರಳಲ್ಲಿ ಕಂಡವರು

ಮೊನ್ನೆ ಗುಳೇದಗುಡ್ಡದಲ್ಲಿ ಚಿಗವ್ವನ ಮನೆಗೆ ಊಟಕ್ಕೆ ಹೋಗಿದ್ದೆ. ಕೈ ತೊಳೆಯಲು ಬಚ್ಚಲಿಗೆ ಹೋದರೆ ಕಲ್ಲಿನ ಮೇಲೆ ಕೆಂಪು ಸಾಬೂನಿನ ತುಂಡು ಇತ್ತು. ಈಗಿನ ಹೂವಿನ ಪರಿಮಳದ ಸಾಬೂನಲ್ಲ, ದವಾಖಾನೆಯ ವಾಸನೆಯ ಹಳೆಯ ಕಾರ್ಬಾಲಿಕ್ ಸಾಬೂನು. ಒಮ್ಮೆ ಉಜ್ಜಿದೆ. ಅಷ್ಟೇ. ಅರಿವಿಲ್ಲದೆ ತೋಳು ಮೇಲೆ ಸರಿಸಿ, ನೊರೆಯನ್ನು ಮೊಣಕೈವರೆಗೆ, ಅಲ್ಲಿಂದ ರಟ್ಟೆಯವರೆಗೆ ಹಚ್ಚಿಕೊಳ್ಳುತ್ತ ನಿಂತುಬಿಟ್ಟಿದ್ದೆ.

"ಏನವಾ, ಊಟಕ್ಕ ಕೈ ತೊಳಿಯಾಕತ್ತೀಯೋ, ಜಳಕಾ ಮಾಡಾಕತ್ತೀಯೋ?" ಎಂದು ಚಿಗವ್ವ ಕೂಗಿದಾಗ ಎಚ್ಚರವಾಯಿತು.

ಹಾಗೆ ರಟ್ಟೆಯವರೆಗೆ ಸಾಬೂನು ಹಚ್ಚಿಕೊಳ್ಳುವುದನ್ನು ನನಗೆ ಕಲಿಸಿದವರು ಒಬ್ಬ ಜವಾನರು.

ಇಪ್ಪತ್ತು ವರ್ಷದ ಹಿಂದಿನ ಮಾತು. ಪಶುವೈದ್ಯಕೀಯ ಓದು ಮುಗಿಸಿ ಹುನಗುಂದ ತಾಲೂಕಿನ ಒಂದು ಹಳ್ಳಿಯ ದನದ ದವಾಖಾನೆಗೆ ಡಾಕ್ಟರಾಗಿ ಬಂದಿದ್ದೆ. ಎರಡು ಕೋಣೆ, ಅಂಗಳದಲ್ಲಿ ದನ ನಿಲ್ಲಿಸುವ ಕಬ್ಬಿಣದ ಚೌಕಟ್ಟು, ಸೆಗಣಿಯಲ್ಲಿ ಜಂತುಹುಳದ ತತ್ತಿ ಹುಡುಕಲು ಕೊಟ್ಟಿದ್ದ ಒಂದು ಹಳೆಯ ಸೂಕ್ಷ್ಮದರ್ಶಕ. ಮತ್ತು ಊರವರೆಲ್ಲ ಚಾಚಾ ಎನ್ನುತ್ತಿದ್ದ ಆ ಜವಾನರು.

ಇಳಕಲ್ಲಿನ ನೇಕಾರರ ಮನೆತನ ಅವರದು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು ಅಪ್ಪನ ಜೊತೆ ಮಗ್ಗಕ್ಕೆ ಕೂತು, ಆಮೇಲೆ ಹೇಗೋ ಈ ನೌಕರಿಗೆ ಬಂದವರು. ಕಾಗದದ ಮೇಲೆ ಅವರ ಕೆಲಸ ಕಸ ಗುಡಿಸುವುದು, ನೀರು ಕಾಯಿಸುವುದು, ದನ ಹಿಡಿಯುವುದು. ಆದರೆ ಎಷ್ಟೋ ಡಾಕ್ಟರರ ಪಕ್ಕದಲ್ಲಿ ನಿಂತು ನಿಂತು, ಡಾಕ್ಟರೇ ಇಲ್ಲದ ವರ್ಷಗಳಲ್ಲಿ ತಾವೇ ಕೈ ಹಾಕಿ ಹಾಕಿ, ಆಕಳು ಎಮ್ಮೆಗಳ ಗರ್ಭದ ವಿಷಯದಲ್ಲಿ ಅವರ ಮಾತೇ ಕಡೆಯ ಮಾತಾಗಿತ್ತು. ನಾನು ಬಂದ ಮೇಲೂ ರೈತರು ಹಗ್ಗ ಹಿಡಿದು ಅಂಗಳದಲ್ಲಿ ನಿಂತು ನನ್ನ ಕಡೆ ನೋಡುತ್ತಿರಲಿಲ್ಲ. "ಚಾಚಾ ಅದಾರೇನ್ರಿ?" ಎಂದೇ ಕೇಳುತ್ತಿದ್ದರು.

ನನಗೆ ಒಳಗೊಳಗೇ ಉರಿಯುತ್ತಿತ್ತು. ಕಾಲೇಜಿನಲ್ಲಿ ಅಂಗರಚನೆಯಲ್ಲೂ ಅಂಗಾಂಶ ಶಾಸ್ತ್ರದಲ್ಲೂ ನಾನೇ ಮೊದಲು. ಅಂಡಾಶಯದ ಪದರಗಳನ್ನು ಬಣ್ಣದ ಪೆನ್ಸಿಲಿನಲ್ಲಿ ನಾನು ಬರೆದ ಚಿತ್ರ ಗೋಡೆಗೆ ಹಾಕಿದ್ದರು. ಅಂಗಾಂಶಗಳನ್ನು ನಾನೇ ತೆಳುವಾಗಿ ಕೊಯ್ದು, ಬಣ್ಣ ಕೊಟ್ಟು ಸೂಕ್ಷ್ಮದರ್ಶಕಕ್ಕೆಂದು ತಯಾರಿಸಿದ ಗಾಜಿನ ಪಟ್ಟಿಗಳ ಒಂದು ಪೆಟ್ಟಿಗೆಯೂ ಜೊತೆಗಿತ್ತು. ಆದರೆ ಮೊದಲ ದಿನ ಒಂದು ಆಕಳ ಗುದದ್ವಾರದೊಳಗೆ ಎಡಗೈ ಹಾಕಿದಾಗ ನನಗೆ ಸಿಕ್ಕಿದ್ದು ಬೆಚ್ಚಗಿನ ಕತ್ತಲೆ ಮಾತ್ರ. ಕರುಳಿನ ತೆಳು ಗೋಡೆಯ ಕೆಳಗೆ ಗರ್ಭಕೋಶ ಇದೆ ಎಂದು ಪುಸ್ತಕ ಹೇಳಿತ್ತು. ನನ್ನ ಕೈಗೆ ಹತ್ತಲಿಲ್ಲ. ಹೊರಗೆ ನಿಂತವರು ಕೆಮ್ಮಿದರು. ನನಗೆ ಅಳು ಬಂತು.

ಚಾಚಾ ಬಾಲ ಹಿಡಿದು ಪಕ್ಕದಲ್ಲಿದ್ದರು. ಅಮ್ಮಾವರೇ ಎನ್ನುವ ಮರ್ಯಾದೆಯಲ್ಲಿ ನನ್ನನ್ನು 'ಬಾಯಾರ' ಎಂದೇ ಕರೆಯುತ್ತಿದ್ದರು. ಬೇರೆಯವರಿಗೆ ಕೇಳಿಸದಂತೆ ಹೇಳಿದರು, "ಬಾಯಾರ, ಹುಡಕಬ್ಯಾಡ್ರಿ. ಕೈ ಸುಮ್ನ ಇಡ್ರಿ. ಕಣ್ಣ ಮುಚ್ಚರಿ. ಅದ ತಾನ ಬರ್ತದ."

ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಅಂಗೈ ಕೆಳಗೆ ಏನೋ ಗಟ್ಟಿಯಾದದ್ದು ಉರುಳಿತು.

"ಕೋಳಿ ಕೊರಳಿನಂಗ ಗಂಟ ಗಂಟ ಐತಲ್ರಿ? ಅದ ಗರ್ಭದ ಬಾಯಿ. ಅದನ್ನ ಹಿಡಕೊಂಡ ಮುಂದ ಹೋಗ್ರಿ. ಟಗರಿನ ಕೊಂಬಿನಂಗ ಎರಡ ಕವಲ ಒಡಿತದ. ಕೊಂಬಿನ ತುದಿಗೆ ಹಸಿ ಬಾದಾಮಿಯಂಥಾದ್ದ ಒಂದ…"

ಅದು ಅಂಡಾಶಯ. ಅದರ ಮೈಮೇಲೆ ನೀರು ತುಂಬಿದ ಒಂದು ಪುಟ್ಟ ಗುಳ್ಳೆ. ನಾನು ನೂರು ಸಲ ಚಿತ್ರ ಬರೆದ ಆ ಗುಳ್ಳೆ ಜೀವಂತವಾಗಿ, ಬೆಚ್ಚಗೆ ನನ್ನ ಬೆರಳಿನ ಕೆಳಗೆ ಕೂತಿತ್ತು. ಕಣ್ಣು ತೆರೆದಾಗ ಚಾಚಾ ನಗುತ್ತಿದ್ದರು.

ಅಲ್ಲಿಂದ ಅವರೇ ನನ್ನ ಗುರುಗಳು. ತತ್ತಿ ಬಿದ್ದ ಮೇಲೆ ಆ ಜಾಗದಲ್ಲಿ ಬೆಳೆಯುವ ಗಂಟು ಗುಳ್ಳೆಯಂತಲ್ಲ, ಕಾಳಿಜದ, ಅಂದರೆ ಯಕೃತ್ತಿನ, ಚೂರಿನಂತೆ ಬಿಗಿ ಎಂದು ಹೇಳಿಕೊಟ್ಟರು. ಎರಡು ತಿಂಗಳ ಗಬ್ಬವನ್ನು ಗುರುತಿಸುವುದನ್ನಂತೂ ಅವರು ಕಲಿಸಿದ ರೀತಿ ಯಾವ ಪುಸ್ತಕದಲ್ಲೂ ಇಲ್ಲ. ಹೆಂಡತಿ ಕಟ್ಟಿಕೊಟ್ಟ ಬುತ್ತಿಯ ಅರಿವೆಯನ್ನು ಎರಡು ಪದರು ಮಡಚಿ ನನ್ನ ಬೆರಳುಗಳ ನಡುವೆ ಇಟ್ಟು, "ಮೆತ್ತಗ ಚಿವುಟ್ರಿ… ಒಂದ ಪದರ ಜಾರ್ತು, ಇನ್ನೊಂದ ಕೈಯಾಗ ಉಳೀತು. ಹೌದಲ್ರಿ? ಕೊಂಬಿನೊಳಗ ಕರುವಿನ ಚೀಲಾ ಹಿಂಗ ಜಾರ್ತದ" ಅಂದರು. ಮರುದಿನ ಇನ್ನೂ ಈಯದ ಒಂದು ಮಣಕದೊಳಗೆ ನಿಜವಾಗಿಯೂ ಅದು ಹಾಗೆಯೇ ಜಾರಿತು. ಅದರ ಒಡೆಯ ಎದುರಿಗೇ ನಿಂತಿದ್ದ. ಗಬ್ಬ ಹೌದೆಂದು ಅವನತ್ತ ತಲೆಯಾಡಿಸಿದೆ.

ಎರಡನೆಯ ವರ್ಷದಲ್ಲಿ ಚಾಚಾ ಹೊಸ ರೂಢಿ ಹಿಡಿದರು. ತಾವು ಕೈ ಹಾಕಿ ತೆಗೆದ ಮೇಲೆ, "ನೀವೂ ಒಮ್ಮಿ ನೋಡ್ರಿ ಬಾಯಾರ" ಅನ್ನುತ್ತಿದ್ದರು. ನಾನು ಹೇಳಿದ ಮೇಲೆಯೇ "ಹೂಂ, ನಂದೂ ಅದ" ಎನ್ನುತ್ತಿದ್ದರು. ನನ್ನನ್ನು ಮುಂದೆ ತರಲು ಹೀಗೆ ಮಾಡುತ್ತಾರೆ ಎಂದುಕೊಂಡು ಹಿಗ್ಗಿದ್ದೆ. ಒಂದು ದಿನ ಸೂಜಿ ಕುದಿಸುವ ಡಬ್ಬಿಯ ಮುಚ್ಚಳ ತೆಗೆದು, ಅವರು ಬರಿಗೈಯಿಂದಲೇ ಒಳಗಿನ ತಟ್ಟೆ ಎತ್ತಿದರು. ನೀರು ಕುದಿಯುತ್ತಿತ್ತು. ಕೈ ಹಿಂದೆ ಸರಿಯಲಿಲ್ಲ.

ನಾನು ಓಡಿ ಹೋಗಿ ಅವರ ಕೈಗೆ ತಣ್ಣೀರು ಸುರಿದೆ. ಬೆರಳಿನ ತುದಿಗಳು ಕೆಂಪಗಾಗಿದ್ದವು. ಚಾಚಾ ನನ್ನ ಮುಖ ನೋಡಲಿಲ್ಲ.

"ಸಕ್ರಿ ಬ್ಯಾನಿರಿ. ಮೊದಲ ಕಾಲಿಗೆ ಬಂತು, ಈಗ ಬೆರಳಿಗೆ. ಒಂದ ವರ್ಸ ಆತು, ನಿದ್ದಿ ಹೋಗ್ಯಾವು" ಅಂದರು. ಕೈ ಒರೆಸಿಕೊಳ್ಳುತ್ತ, "ಮಂದಿಗೆ ಹೇಳಬ್ಯಾಡ್ರಿ, ಬಾಯಾರ" ಎಂದರು.

ಹೇಳಲಿಲ್ಲ. ಅದು ಸರಿಯೋ ತಪ್ಪೋ ಎಂದು ಯೋಚಿಸುವಷ್ಟರಲ್ಲಿ ಆ ಎಮ್ಮೆಯ ಪ್ರಸಂಗ ಬಂತು.

ಕೂಡಲಸಂಗಮದ ಕಡೆಯ ಒಂದು ಹಳ್ಳಿಯಿಂದ ಒಬ್ಬ ಅಜ್ಜಿ ಮೊಮ್ಮಗಳನ್ನು ಕಳಿಸಿದ್ದಳು. ಬೆಳಗಿನ ಜಾವದಿಂದ ಎಮ್ಮೆ ಈಯಲಾರದೆ ಬ್ಯಾನಿ ತಿನ್ನುತ್ತಿದೆ, ನೀರ ಚೀಲವೂ ಕಾಣುತ್ತಿಲ್ಲ ಎಂದು. ನಾವು ಹೋದಾಗ ಎಮ್ಮೆ ಹಿಂಗಾಲು ಒದೆಯುತ್ತ, ತನ್ನ ಹೊಟ್ಟೆಯನ್ನೇ ತಿರುಗಿ ನೋಡುತ್ತಿತ್ತು. ಅಜ್ಜಿ ಅದರ ಕೊರಳು ತಬ್ಬಿಕೊಂಡು ನಿಂತಿದ್ದಳು. ತನ್ನ ಕೈಯಾರೆ ಎತ್ತಿ ಬೆಳೆಸಿದ ಎಮ್ಮೆ, ಚೊಚ್ಚಲು.

ಇಬ್ಬರಿಗೂ ನೋಡುತ್ತಲೇ ಗೊತ್ತಾಯಿತು. ಗರ್ಭಕೋಶ ಕರುವಿನ ಸಮೇತ ಹೊರಳಿ, ಹಿಂಡಿದ ಅರಿವೆಯಂತೆ ತಿರುಚಿಕೊಂಡಿತ್ತು. ಅದು ಯಾವ ಕಡೆ ತಿರುಚಿದೆಯೋ ಅದೇ ಕಡೆ ಎಮ್ಮೆಯನ್ನು ಮಲಗಿಸಿ, ಹೊಟ್ಟೆಯ ಮೇಲೆ ಹಲಗೆ ಒತ್ತಿ, ಅದೇ ಕಡೆಗೆ ಉರುಳಿಸಬೇಕು. ಹಲಗೆ ಗರ್ಭವನ್ನು ತಡೆದು ಹಿಡಿಯುತ್ತದೆ, ಮೈ ಅದರ ಸುತ್ತ ತಿರುಗಿ ಗಂಟು ಬಿಚ್ಚುತ್ತದೆ. ಕಡೆ ತಪ್ಪಿದರೆ ಗಂಟು ಇನ್ನೂ ಬಿಗಿಯುತ್ತದೆ. ತಾಯಿಯೂ ಇಲ್ಲ, ಕರುವೂ ಇಲ್ಲ.

ಕೇರಿಗೆ ಕೇರಿಯೇ ನೆರೆದಿತ್ತು. ಚಾಚಾ ಸಾಬೂನು ಹಚ್ಚಿಕೊಂಡು ಕೈ ಹಾಕಿದರು. ಬಹಳ ಹೊತ್ತು… ಹಣೆಯಿಂದ ಬೆವರು ಇಳಿಯಿತು. ಕೈ ತೆಗೆದು, "ಎಡಕ್ಕ" ಅಂದರು. ಗಂಡಸರು ಹಗ್ಗ ಎತ್ತಿಕೊಂಡರು.

ನಾನೂ ಕೈ ಹಾಕಿದೆ. ಯೋನಿಯ ಗೋಡೆ ಬಳ್ಳಿ ಸುತ್ತಿದಂತೆ ಸುರುಳಿಯಾಗಿ ಒಳಗೆ ಇಳಿದಿತ್ತು. ಬಲಕ್ಕೆ. ಇನ್ನೊಮ್ಮೆ ಕಣ್ಣು ಮುಚ್ಚಿ ನೋಡಿದೆ. ಬಲಕ್ಕೇ.

ಅವರ ಮಾತನ್ನು ನಾನು ಒಮ್ಮೆಯೂ ಮೀರಿರಲಿಲ್ಲ. ಚಾಚಾ ನನ್ನ ಮುಖವನ್ನೇ ನೋಡುತ್ತಿದ್ದರು.

"ಏನ ಅಂತೀರಿ, ಬಾಯಾರ?"

"ಬಲಕ್ಕ ಐತಿ, ಚಾಚಾ."

"ಚಾಚಾ ಎಡಕ್ಕ ಅಂದಾರಲ್ರಿ!" ಎಂದು ಹಗ್ಗ ಹಿಡಿದವನೊಬ್ಬ ಕೂಗಿದ. "ಅವರ ಕೈ ಎಂದ ತಪ್ಪೇತಿ?"

ಚಾಚಾ ಸುಮ್ಮನಿರಬಹುದಿತ್ತು. "ಇನ್ನೊಮ್ಮಿ ನೋಡ್ತೇನಿ" ಎಂದು ಕೈ ಹಾಕಿ, ಮಾತು ಬದಲಿಸಬಹುದಿತ್ತು. ಅವರು ಎರಡೂ ಕೈ ಮುಂದೆ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದರು, "ನನ್ನ ಕೈ ಸತ್ತಾವೋ ತಮ್ಮಾ. ಏನೂ ತಿಳ್ಯಾಂಗಿಲ್ಲ. ನಾ ಅಂದಾಜಿಲೆ ಹೇಳಿದೆ. ಬಾಯಾರ ಕೈ ಜೀವಂತ ಐತಿ. ಅವರ ಹೇಳಿದಂಗ ಮಾಡ್ರಿ."

ಎಷ್ಟೋ ವರ್ಷ ಕಟ್ಟಿದ್ದ ಹೆಸರನ್ನು ಆ ಮನುಷ್ಯ ಒಂದು ಎಮ್ಮೆಗಾಗಿ ಅಲ್ಲೇ ಇಳಿಸಿಬಿಟ್ಟಿದ್ದರು. ಅವತ್ತಿನಷ್ಟು ದೊಡ್ಡವರಾಗಿ ಅವರು ನನಗೆ ಎಂದೂ ಕಂಡಿರಲಿಲ್ಲ.

ಎಮ್ಮೆಯನ್ನು ಬಲ ಮಗ್ಗುಲಿಗೆ ಕೆಡವಿದೆವು. ಬಾಗಿಲಿನ ಹಲಗೆಯನ್ನೇ ಕಿತ್ತು ತಂದು ಹೊಟ್ಟೆಯ ಮೇಲೆ ಓರೆಯಾಗಿ ಇಟ್ಟರು. ಹಲಗೆಯ ಮೇಲೆ ಯಾರು ನಿಲ್ಲಬೇಕು, ಎಷ್ಟು ಭಾರ ಬಿಡಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಚಾಚಾ ತಾವೇ ಹತ್ತಿ ನಿಂತು, "ಸಾವಕಾಶ ಎಳೀರಿ… ಸಾವಕಾಶ…" ಅನ್ನುತ್ತಿದ್ದರು. ಒಂದು ಸಲ ಉರುಳಿಸಿದೆವು. ಕೈ ಹಾಕಿ ನೋಡಿದೆ, ಸುರುಳಿ ಸಡಿಲಾಗಿತ್ತು. ಎರಡನೆಯ ಸಲ. ಮೂರನೆಯ ಸಲ ಉರುಳುತ್ತಿದ್ದಂತೆ ಒಳಗಿನ ನೀರು ಬಿಸಿಬಿಸಿಯಾಗಿ ನನ್ನ ಸೀರೆಯ ಮೇಲೆಲ್ಲ ಸುರಿಯಿತು. ದಾರಿ ತೆರೆದಿತ್ತು. ಎರಡು ಪುಟ್ಟ ಗೊರಸು ಕೈಗೆ ಹತ್ತಿದವು. ಹಿಡಿದು ಜಗ್ಗಿದೆ, ಅವುಗಳಲ್ಲಿ ಒಂದು ತನ್ನಷ್ಟಕ್ಕೆ ಹಿಂದಕ್ಕೆ ಜಗ್ಗಿತು.

"ಜೀವಾ ಐತಿ!" ಎಂದು ಕೂಗಿದೆ.

ಹೆಣ್ಣು ಕರು. ಅಜ್ಜಿ ಅದರ ಮೂಗು ಒರೆಸುತ್ತ ಅಳುತ್ತಿದ್ದಳು. ನಾನೂ ಅತ್ತೆ.

ಮರುದಿನ ದವಾಖಾನೆಯಲ್ಲಿ ಚಾಚಾ ಕಸ ಗುಡಿಸುತ್ತಿದ್ದರು. ನನ್ನ ಗಾಜಿನ ಪಟ್ಟಿಗಳ ಪೆಟ್ಟಿಗೆ ತೆಗೆದು, ಕುರಿಯ ಅಂಡಾಶಯದ್ದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅವರನ್ನು ಕರೆದೆ. ಇಷ್ಟು ವರ್ಷ ಬೆರಳಿನಿಂದ ನೋಡಿದ್ದರ ಒಳಭಾಗವನ್ನು ಅವರು ಕಣ್ಣಿನಿಂದ ಒಮ್ಮೆಯೂ ಕಂಡಿರಲಿಲ್ಲ. ನನಗದು ಹೊಳೆದೇ ಇರಲಿಲ್ಲ.

ಚಾಚಾ ಒಂದು ಕಣ್ಣು ಮುಚ್ಚಿ ಬಾಗಿದರು. ಗುಲಾಬಿ ಬಣ್ಣದ ಬಯಲು. ನಡುವೆ ದೊಡ್ಡ ಗುಳ್ಳೆ, ಅದರ ಒಂದು ಮೂಲೆಯಲ್ಲಿ ಜೀವಕೋಶಗಳ ಗುಂಪಿನ ಮೇಲೆ ಕುಳಿತ ತತ್ತಿ, ಸುತ್ತ ಹೊಳೆಯುವ ಒಂದು ಬಳೆ. ಅಂಚಿನ ಉದ್ದಕ್ಕೂ ರಾಗಿಯ ಕಾಳು ಚೆಲ್ಲಿದಂತೆ ಚಿಕ್ಕ ಚಿಕ್ಕ ತತ್ತಿಗಳು.

"ಇವೆಲ್ಲಾ ಯಾವಾಗ ಹುಟ್ಟತಾವ್ರಿ?"

"ಹುಟ್ಟೂ ಮೊದಲ, ಚಾಚಾ. ಅವ್ವನ ಹೊಟ್ಯಾಗ ಇದ್ದಾಗನ ಬಂದಿರ್ತಾವು."

ಅವರು ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಹಾಗೆಯೇ ಬಾಗಿ ಮೆಲ್ಲಗೆ ಅಂದರು, "ಅಂದ್ರ ನಿನ್ನಿ ಆ ಎಮ್ಮಿ ಒಳಗ ನಾ ಕೈ ಹಾಕಿದಾಗ… ತಾಯಿ, ಕರಾ, ಆ ಕರುವಿನ ಮಕ್ಕಳು… ಮೂರ ತಲಿಮಾರ ಅಲ್ಲಿದ್ವು. ಯಾ ಅಲ್ಲಾ! ಎಂಥಾ ಜಾಗಾದಾಗ ಕೈ ಇಟ್ಟಿದ್ನಿ ನಾ!"

ತಲೆ ಎತ್ತಿದಾಗ ಅವರ ಕಣ್ಣು ತುಂಬಿದ್ದವು. ಟೊಪ್ಪಿಗೆ ತೆಗೆದು, ಕೂದಲು ಸವರಿ, ಮತ್ತೆ ಹಾಕಿಕೊಂಡರು. ಆ ಪಟ್ಟಿಯನ್ನು ನಾನು ಓದಿನ ದಿನಗಳಲ್ಲಿ ಎಷ್ಟು ಸಲ ನೋಡಿದ್ದೆನೋ. ಪರೀಕ್ಷೆಗೆಂದು ನೋಡಿದ್ದೆ. ಅವತ್ತು ಅವರ ಹಿಂದೆ ನಾನೂ ಮತ್ತೊಮ್ಮೆ ಬಾಗಿ ನೋಡಿದೆ, ಮೊದಲ ಸಲ ನೋಡುವವಳಂತೆ.

ಮರುವರ್ಷ ಅವರಿಗೆ ನಿವೃತ್ತಿಯಾಯಿತು. ನನಗೆ ಬಾದಾಮಿಗೆ ವರ್ಗ, ಆಮೇಲೆ ಬಾಗಲಕೋಟೆ, ಮದುವೆ, ನವನಗರದಲ್ಲಿ ಮನೆ… ಹೋಗಿ ನೋಡಬೇಕು ಎನ್ನುತ್ತಲೇ ಇದ್ದೆ.

ಚಿಗವ್ವನ ಮನೆಯಿಂದ ಬಂದ ಮರುವಾರ ಇಳಕಲ್ಲಿಗೆ ಹೋದೆ. ಬಾಗಿಲು ತೆರೆದ ಚಾಚಿ ನನ್ನನ್ನು ಗುರುತಿಸಿ, ಒಳಗೆ ಕರೆಯುವ ಮೊದಲೇ, "ಭಾಳ ತಡಾ ಮಾಡಿ ಬಂದ್ರಿ, ಬಾಯಾರ" ಅಂದರು. ಚಾಚಾ ಹೋಗಿ ಎಂಟು ತಿಂಗಳಾಗಿತ್ತು.

ಚಾಪೆಯ ಮೇಲೆ ಕೂತೆ. ಚಾಚಿ ಚಹಾ ತಂದಿಟ್ಟು ಮಾತಾಡುತ್ತ ಹೋದರು. ಕಡೆಕಡೆಗೆ ಚಾಚಾ ಅವರಿಗೆ ಮೊಣಕೈವರೆಗೂ ಏನೂ ತಿಳಿಯುತ್ತಿರಲಿಲ್ಲವಂತೆ. ಯಾರು ಕೈ ಹಿಡಿದರೂ ತಿರುಗಿ ನೋಡಿಯೇ ತಿಳಿದುಕೊಳ್ಳಬೇಕಿತ್ತು. ಹೋಗುವ ವರ್ಷವೇ ಮೊಮ್ಮಗಳು ಹುಟ್ಟಿದ್ದಳು. ಮಗ ಕೂಸನ್ನು ತಂದು ಅವರ ಅಂಗೈಯಲ್ಲಿ ಇಡಲು ಹೋದ.

"ಕೈಯಾಗ ಕೊಡಬ್ಯಾಡೋ, ಅಂದ್ರು. ಗಲ್ಲಕ್ಕ ಹಚ್ಚು ಅಂದ್ರು. ಕೂಸಿನ ಹೊಟ್ಟಿ ತಮ್ಮ ಗಲ್ಲಕ್ಕ ಹಚ್ಚಿಸಿಕೊಂಡ ಕಣ್ಣ ಮುಚ್ಚಿ ಕುಂತ್ರು ನೋಡ್ರಿ… ಕೂಸ ಅತ್ತರೂ ಬಿಡಲಿಲ್ಲ."

ಚಾಚಿ ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಚಹಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಅದು ಬಿಸಿಯಾಗಿತ್ತು. ಆ ಬಿಸಿ ನನಗೆ ತಿಳಿಯುತ್ತಿತ್ತು. ಅದಕ್ಕಾಗಿ ಯಾರಿಗೋ ಏನೋ ಹೇಳಬೇಕಿತ್ತು, ಕೇಳಬೇಕಾದವರು ಇರಲಿಲ್ಲ.